ಎದುರಿಗೆ ಸಮುದ್ರ ಇದ್ದರೆ ಹೈಡ್ರೋಜನ್ ಸಿಕ್ಕಿಬಿಡುತ್ತಾ?

ಕಾರವಾರದಲ್ಲಿ ಹೈಡ್ರೋಜನ್ ಇಂಧನದ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಇದು: ಇಷ್ಟು ದೊಡ್ಡ ಸಮುದ್ರ ಇದೆ, ಅದರ ನೀರನ್ನೇ ಒಡೆದರಾಯ್ತಲ್ವಾ?

ಒಡೆಯಬಹುದು. ಇಲ್ಲೇ ಪಕ್ಕದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಉಪ್ಪುನೀರಿಗೆ ಕರೆಂಟ್ ಹಾಯಿಸುವ ಕೆಲಸ ದಶಕಗಳಿಂದ ನಡೆದಿದೆ. ಅಲ್ಲಿ ಬೇಕಾಗಿರುವುದು ಕಾಸ್ಟಿಕ್ ಮತ್ತು ಕ್ಲೋರಿನ್, ಹೈಡ್ರೋಜನ್ ಜೊತೆಗೆ ಬರುತ್ತದೆ, ಟನ್ ಕಾಸ್ಟಿಕ್‌ಗೆ ಸುಮಾರು 25 ಕಿಲೋ. ಇಂಧನಕ್ಕೆ ಹೊರಟವರಿಗೆ ಆ ಕ್ಲೋರಿನ್ನೇ ತೊಡಕು. ಅಂಗಳದಲ್ಲಿ ಒಂದು ಲೋಟ ಸಮುದ್ರದ ನೀರಿಗೆ ಎರಡು ಪೆನ್ಸಿಲ್ ಕಡ್ಡಿ ಅದ್ದಿ, 9 ವೋಲ್ಟ್ ಬ್ಯಾಟರಿ ಜೋಡಿಸಿ ನೋಡಿ. ಮೈನಸ್ ಕಡ್ಡಿಯಿಂದ ಸಣ್ಣ ಗುಳ್ಳೆಗಳು ಒಂದೇ ಸಮ ಏಳುತ್ತವೆ, ಅದು ಹೈಡ್ರೋಜನ್. ಪ್ಲಸ್ ಕಡೆ ಆಕ್ಸಿಜನ್ ಬರಬೇಕಿತ್ತು, ಆದರೆ ಮೂಗಿಗೆ ಹೊಡೆಯುವುದು ಬ್ಲೀಚಿಂಗ್ ಪೌಡರ್ ವಾಸನೆ, ಅದೇ ಕ್ಲೋರಿನ್. ಇತ್ತ ಮೈನಸ್ ಸುತ್ತ ಮೆಗ್ನೀಸಿಯಂ, ಕ್ಯಾಲ್ಸಿಯಂ ಬಿಳಿಯಾಗಿ ಕಟ್ಟಿಕೊಳ್ಳುತ್ತವೆ. ವರ್ಷಗಟ್ಟಲೆ ಓಡಬೇಕಾದ ಯಂತ್ರ ಇದನ್ನು ತಾಳುವುದಿಲ್ಲ.

ಹಾಗಾದರೆ ಉಪ್ಪು ತೆಗೆದೇ ಒಡೆಯೋಣ. ಅದೇನು ದುಬಾರಿಯಲ್ಲ. 1 ಕಿಲೋ ಹೈಡ್ರೋಜನ್‌ಗೆ ಒಡೆಯಬೇಕಾದ ನೀರು 9 ಲೀಟರ್ ಅಷ್ಟೇ, ಸಾವಿರ ಲೀಟರ್ ಸಿಹಿ ಮಾಡಲು 3-4 ಯೂನಿಟ್ ಸಾಕು. ಖರ್ಚು ಇರುವುದು ಒಡೆಯುವುದರಲ್ಲಿ: ಕಿಲೋಗೆ 50 ಯೂನಿಟ್‌ಗೂ ಜಾಸ್ತಿ ಕರೆಂಟ್ ಬೇಕು, ಆ ಕಿಲೋದಲ್ಲಿ ವಾಪಸ್ ಸಿಗುವ ಶಕ್ತಿ ಸುಮಾರು 33 ಯೂನಿಟ್. ಹಾಗಾಗಿ ಎದುರಿಗಿರುವ ಸಮುದ್ರಕ್ಕಿಂತ ಹಿಂದಿರುವ ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಬಿಸಿಲು ಇವೇ ಮುಖ್ಯ. ಕಲ್ಲಿದ್ದಲಿನ ಕರೆಂಟ್ ಸುರಿದು ಮಾಡಿದ ಹೈಡ್ರೋಜನ್ ಶುದ್ಧ ಇಂಧನ ಅಲ್ಲವೇ ಅಲ್ಲ.

ಮಾಡಿದ ಮೇಲೆ ಇಡುವುದು ಇನ್ನೂ ಕಷ್ಟ. ಮಾಮೂಲಿ ಒತ್ತಡದಲ್ಲಿ 1 ಕಿಲೋ ಹೈಡ್ರೋಜನ್‌ಗೆ ಸುಮಾರು 12,000 ಲೀಟರ್ ಜಾಗ ಬೇಕು. ಆಕ್ಸಿಜನ್ ಸಾಗಿಸುವವರು ಉರುಳಿಸಿಕೊಂಡು ಒಯ್ಯುವ ಎತ್ತರದ ಉಕ್ಕಿನ ಸಿಲಿಂಡರ್ ತಾನೇ ಐವತ್ತು ಕಿಲೋ ತೂಗುತ್ತದೆ, 150 ಬಾರ್ (ಅಂದರೆ ಮಾಮೂಲಿ ಗಾಳಿಯ ಸುಮಾರು 150 ಪಟ್ಟು) ಒತ್ತಡದಲ್ಲಿ ತುಂಬಿದರೂ ಒಳಗೆ ಹಿಡಿಯುವುದು ಅರ್ಧ ಕಿಲೋ ಚಿಲ್ಲರೆ ಹೈಡ್ರೋಜನ್. ಕಾರುಗಳಲ್ಲಿ ಕಾರ್ಬನ್ ನಾರು ಸುತ್ತಿದ ಟ್ಯಾಂಕಿಗೆ 700 ಬಾರ್‌ವರೆಗೆ ಒತ್ತುತ್ತಾರೆ. ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು, ಅದಕ್ಕೇ ಶಕ್ತಿಯ ಮೂರನೇ ಒಂದು ಪಾಲು ಹೋಗುತ್ತದೆ. ಸಾಲದ್ದಕ್ಕೆ ಇದರ ಪರಮಾಣು ಎಷ್ಟು ಚಿಕ್ಕದೆಂದರೆ ಉಕ್ಕಿನೊಳಗೇ ನುಸುಳಿ ಅದನ್ನು ಪೆಡಸು ಮಾಡುತ್ತದೆ.

ಇಷ್ಟೆಲ್ಲ ಇರುವಾಗ ಸ್ಕೂಟರಿಗೆ, ಮನೆ ಒಲೆಗೆ ಹೈಡ್ರೋಜನ್ ಸುಮ್ನೆ ವ್ಯರ್ಥ, ಅಲ್ಲಿ ಕರೆಂಟನ್ನೇ ನೇರವಾಗಿ ಬಳಸಬಹುದು. ಆದರೆ ಯೂರಿಯಾಕ್ಕೆ ಬೇಕಾದ ಅಮೋನಿಯಾಕ್ಕೆ ಹೈಡ್ರೋಜನ್ ಬೇಕೇ ಬೇಕು. ಇವತ್ತು ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ, ಕಿಲೋಗೆ ಸುಮಾರು 9-10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಟ್ಟು. ಬಿಸಿಲಿನ ಹೈಡ್ರೋಜನ್ ಮೊದಲು ಹೋಗಬೇಕಾದ್ದು ಅಲ್ಲಿಗೆ.