ಸೋಮವಾರ ಅಮೆರಿಕ ಬಿಟ್ಟರೆ ಬೆಂಗಳೂರಿಗೆ ಬುಧವಾರವೇ ಯಾಕೆ?

ಪ್ರಶ್ನೆ: ಮಗಳ ಮನೆಗೆ ಅಂತ ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಎಷ್ಟು ದೂರ? ಎಷ್ಟು ಹೊತ್ತಿನ ಪ್ರಯಾಣ? ಟಿಕೆಟ್ ನೋಡಿದರೆ ಹೊರಟ ದಿನವೇ ತಲುಪುತ್ತೇವೆ, ವಾಪಸ್ ಬರಲು ಮಾತ್ರ ಮೂರನೇ ದಿನ ಆಗುತ್ತದೆ. ಇದು ಸರಿ ಇದೆಯಾ?

ಉತ್ತರ: ಟಿಕೆಟ್ ಸರಿಯಾಗೇ ಇದೆ, ಗಾಬರಿ ಬೇಡ.

ನೇರ ದೂರ ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ ಹೆಚ್ಚುಕಡಿಮೆ 900 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ ಹೋಗುವಾಗ 16 ಗಂಟೆ, ಬರುವಾಗ 17 ಗಂಟೆಗಿಂತ ಸ್ವಲ್ಪ ಜಾಸ್ತಿ. ಈ ವ್ಯತ್ಯಾಸ ಗಾಳಿಯದು. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಇದೆ. ಪೆಸಿಫಿಕ್ ದಾಟಿ ಪೂರ್ವಕ್ಕೆ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ. ದುಬೈಯಲ್ಲಿ ವಿಮಾನ ಬದಲಿಸುವುದಾದರೆ ಮೊದಲು 4 ಗಂಟೆ, ಆಮೇಲೆ 16 ಗಂಟೆ, ನಡುವೆ ಕಾಯುವ ಹೊತ್ತು ಬೇರೆ. ಪೂರ್ತಿ ಒಂದು ದಿನವೇ ಅಂದುಕೊಳ್ಳಿ.

ಇನ್ನು ತಾರೀಖಿನ ವಿಷಯ. ಎಲ್ಲರೂ ತಬ್ಬಿಬ್ಬಾಗುವುದು ಇಲ್ಲೇ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ಸುಮ್ನೆ ಕಳೆದರೆ ಪ್ರಯಾಣದ ಹೊತ್ತು ಸಿಗುವುದಿಲ್ಲ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನಿಂದ ನವೆಂಬರ್ ಶುರುವಿನವರೆಗೆ ಅವರು ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ ಗಂಟೆ.

ಲೆಕ್ಕ ಹಾಕಿ ನೋಡೋಣ. ಜನವರಿಯ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ. 16 ಗಂಟೆ ಆದಾಗ ಇಲ್ಲಿ ಮಂಗಳವಾರ ಬೆಳಿಗ್ಗೆ 6. ಹದಿಮೂರೂವರೆ ಗಂಟೆ ಕಳೆಯಿರಿ. ಅಲ್ಲಿ ಇನ್ನೂ ಸೋಮವಾರ ಸಂಜೆ ನಾಲ್ಕೂವರೆ! ವಾಪಸ್ ಬರುವಾಗ ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ, ಹದಿನೇಳೂವರೆ ಗಂಟೆ ಕಳೆದಾಗ ಅಲ್ಲಿ ಮಂಗಳವಾರ ಮಧ್ಯಾಹ್ನ ಎರಡೂವರೆ. ಹದಿಮೂರೂವರೆ ಗಂಟೆ ಕೂಡಿಸಿ. ಬೆಂಗಳೂರಿನಲ್ಲಿ ಬುಧವಾರ ಬೆಳಗಿನ ಜಾವ 4 ಗಂಟೆ.

ಇದು ಬರೀ ಕಾಗದದ ಲೆಕ್ಕವಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ಹಾರಿಸಿಕೊಂಡು ಬಂತಲ್ಲ, ಆ ವಿಮಾನ 9ರ ರಾತ್ರಿ ಹೊರಟು ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಧ್ರುವದ ಕಡೆಯಿಂದ ಯಾಕೆ ಅಂತೀರಾ? ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಗಳಲ್ಲಿವೆ. ಗೋಳದ ಮೇಲೆ ದಾರ ಎಳೆದು ಹಿಡಿದು ನೋಡಿ, ಹತ್ತಿರದ ದಾರಿ ಉತ್ತರಕ್ಕೇ ಬಾಗುತ್ತದೆ. ಗೋಡೆಯ ನಕ್ಷೆಯಲ್ಲಿ ಇದು ಕಾಣುವುದಿಲ್ಲ.

ವಾಪಸ್ ಬರುವಾಗ ಕರೆದುಕೊಂಡು ಹೋಗಲು ಬರುವವರಿಗೆ ಬೆಂಗಳೂರಿನ ತಾರೀಖನ್ನೇ ಹೇಳಿ. ಬುಧವಾರ ಬೆಳಗಿನ ಜಾವ ಅಂದರೆ ಮೈಸೂರಿನಂಥ ಊರಿನಿಂದ ಬರುವ ಕಾರು ಮಂಗಳವಾರ ರಾತ್ರಿಯೇ ಹೊರಡಬೇಕು.