ಪದ ಪರಿಚಯ: ರೈಡ್ ಹೈಟ್

ವಾಹನವು ತನ್ನ ಭಾರವನ್ನು ತಾನೇ ಹೊತ್ತು ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ, ಅದರ ಚಾಸಿ ಚಕ್ರಗಳಿಂದ ಎಷ್ಟು ಎತ್ತರದಲ್ಲಿರಬೇಕೆಂದು ತಯಾರಕರು ಗೊತ್ತುಮಾಡಿರುತ್ತಾರೋ ಆ ಎತ್ತರಕ್ಕೆ ರೈಡ್ ಹೈಟ್ ಎನ್ನುತ್ತಾರೆ. ಜನರಲ್ ಮೋಟಾರ್ಸ್ ಸಂಸ್ಥೆಯ ಸರ್ವಿಸ್ ಕೈಪಿಡಿಗಳಲ್ಲಿ ಇದಕ್ಕೆ ಟ್ರಿಮ್ ಹೈಟ್ ಎಂಬ ಹೆಸರಿದೆ. ಮಡ್‌ಗಾರ್ಡಿನ ಅಂಚಿಗೂ ನೆಲಕ್ಕೂ ಇರುವ ಅಂತರವೇ ರೈಡ್ ಹೈಟ್ ಎಂದು ಅನೇಕರು ತಿಳಿದಿದ್ದಾರೆ. ಆದರೆ ಆ ಅಂತರದಲ್ಲಿ ಟೈರಿನ ಗಾಳಿ, ಟೈರಿನ ಸವೆತ, ಕ್ಯಾಬಿನ್ನಿನ ಕೆಳಗಿನ ರಬ್ಬರ್ ಮೌಂಟುಗಳ ಕುಸಿತ ಎಲ್ಲವೂ ಸೇರಿಕೊಂಡಿರುತ್ತವೆ. ಸಸ್ಪೆನ್ಷನ್ನಿನ ನಿಜವಾದ ಸ್ಥಿತಿಯನ್ನು ಹೇಳುವುದು ಲೋವರ್ ಆರ್ಮ್, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು, ಚಾಸಿಯಿಂದ ಯಾವ ಕೋನದಲ್ಲಿ ಇಳಿದಿದೆ ಎಂಬುದು ಮಾತ್ರ.

ಇದನ್ನು ಸ್ಪಷ್ಟವಾಗಿ ನೋಡಲು ಅಮೆರಿಕದಲ್ಲಿ 1988ರಿಂದ 1990ರ ದಶಕದ ಕೊನೆಯವರೆಗೆ ತಯಾರಾದ ಷೆವ್ರೊಲೆ ಕೆ 1500 ಪಿಕಪ್ ಒಳ್ಳೆಯ ಉದಾಹರಣೆ. ಈ ಫೋರ್ ವೀಲ್ ಡ್ರೈವ್ ಗಾಡಿಯ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಅದರ ಕೆಲಸವನ್ನು ಟಾರ್ಶನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸರಳು ಮಾಡುತ್ತದೆ. ಸರಳಿನ ಮುಂದಿನ ತುದಿ ಲೋವರ್ ಆರ್ಮಿನೊಳಗೆ ಕೂತಿರುತ್ತದೆ. ಹಿಂದಿನ ತುದಿಯನ್ನು ಕ್ಯಾಬಿನ್ನಿನ ಕೆಳಗಿನ ಅಡ್ಡ ತೊಲೆಯಲ್ಲಿ ಕೀ ಎಂಬ ಸಣ್ಣ ಸನ್ನೆಯಂಥ ತುಂಡು ಹಿಡಿದಿರುತ್ತದೆ. ಚಕ್ರ ಮೇಲೆದ್ದಾಗ ಸರಳು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಮತ್ತೆ ನೇರವಾಗಲು ಹವಣಿಸುವ ಆ ಬಲವೇ ಗಾಡಿಯನ್ನು ಎತ್ತಿ ಹಿಡಿಯುತ್ತದೆ. ನಮ್ಮ ಹಳೆಯ ಅಂಬಾಸಿಡರ್ ಕಾರಿನ ಮುಂಭಾಗದಲ್ಲೂ ಇದ್ದದ್ದು ಟಾರ್ಶನ್ ಬಾರೇ ಆದ್ದರಿಂದ, ಹಿರಿಯ ಮೆಕ್ಯಾನಿಕ್‌ಗಳಿಗೆ ಈ ಏರ್ಪಾಟು ಹೊಸದೇನಲ್ಲ.

ಕೀಯನ್ನು ಕೆಳಗಿನಿಂದ ಒತ್ತುವ ಒಂದು ಅಡ್ಜಸ್ಟ್‌ಮೆಂಟ್ ಬೋಲ್ಟು ಇರುತ್ತದೆ, ಅದನ್ನು ಬಿಗಿಮಾಡಿದರೆ ಆ ಬದಿಯ ಮುಂಭಾಗ ಮೇಲೇಳುತ್ತದೆ. ಇಷ್ಟು ಸುಲಭವಾಗಿ ಎತ್ತರ ಹೆಚ್ಚುತ್ತದೆ ಎಂಬುದೇ ಇಲ್ಲಿನ ದೊಡ್ಡ ಅಪಾಯವೆಂದು ನನ್ನ ಅಭಿಪ್ರಾಯ. ಸರಳಿನ ಬಿಗುವು ಅದರ ದಪ್ಪ, ಉದ್ದ ಮತ್ತು ಉಕ್ಕಿನ ಗುಣದಿಂದ ನಿರ್ಧಾರವಾಗುತ್ತದೆಯೇ ಹೊರತು ಬೋಲ್ಟಿನಿಂದಲ್ಲ. ಬೋಲ್ಟು ಬದಲಿಸುವುದು ಸರಳು ತಿರುಚಿಕೊಳ್ಳಲು ಆರಂಭಿಸುವ ಕೋನವನ್ನು ಮಾತ್ರ. ಹಾಗಾಗಿ ಅಳತೆಯಿಲ್ಲದೆ ಬೋಲ್ಟು ತಿರುಗಿಸುತ್ತ ಹೋದರೆ ಸರಳು ಗಟ್ಟಿಯಾಗುವುದಿಲ್ಲ. ಬದಲಾಗಿ, ಚಕ್ರ ಹಳ್ಳಕ್ಕೆ ಇಳಿಯಲು ಬೇಕಾದ ಜಾಗ ಕಡಿಮೆಯಾಗಿ ಆರ್ಮು ಪದೇಪದೇ ಮಿತಿಯ ರಬ್ಬರಿಗೆ ಬಡಿಯುತ್ತದೆ, ಮುಂದಿನ ಆಕ್ಸಲ್ ಶಾಫ್ಟುಗಳ ಜಾಯಿಂಟುಗಳು ಸಹಜಕ್ಕಿಂತ ಕಡಿದಾದ ಕೋನದಲ್ಲಿ ತಿರುಗಿ ಬೇಗ ಸವೆಯುತ್ತವೆ, ಸವಾರಿ ಒರಟಾಗುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಈ ಗಾಡಿಗಳಿಗೆ ಕೈಪಿಡಿ ಹೇಳುವ ಅಳತೆಯ ಹೆಸರು ಝಡ್ ಹೈಟ್. ಲೋವರ್ ಆರ್ಮು ಚಾಸಿಗೆ ಸೇರುವ ಪಿವಟ್ ಬೋಲ್ಟಿನ ನಡುಬಿಂದುವಿಗೂ ಚಕ್ರವನ್ನು ಹೊತ್ತು ಅದರೊಂದಿಗೆ ತಿರುಗುವ ಸ್ಟಿಯರಿಂಗ್ ನಕಲ್‌ನ ಕೆಳಮೂಲೆಗೂ ನಡುವಿನ ಲಂಬ ಅಂತರವೇ ಅದು. ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಹಿಂದಿನ ಸಾಮಾನು ತೊಟ್ಟಿಯನ್ನು ಖಾಲಿಮಾಡಿ, ಗಾಡಿಯನ್ನು ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಬೇಕು. ಮುಂದಿನ ಬಂಪರನ್ನು ಕೈಯಿಂದ ಸುಮಾರು 38 ಮಿ.ಮೀ. ಎತ್ತಿ ಮೆಲ್ಲಗೆ ಬಿಡಬೇಕು, ಹೀಗೆ ಕೆಲವು ಸಲ ಮಾಡಿ ಅಳೆಯಬೇಕು. ಆಮೇಲೆ ಅಷ್ಟೇ ಕೆಳಕ್ಕೆ ಒತ್ತಿ ಬಿಟ್ಟು ಮತ್ತೆ ಅಳೆಯಬೇಕು. ಕೀಲುಗಳಲ್ಲಿ ಕೂರಿಸಿದ ಹಳೆಯ ಬುಷ್‌ಗಳ ಘರ್ಷಣೆಯಿಂದಾಗಿ ಈ ಎರಡು ಅಳತೆಗಳು ಒಂದೇ ಆಗಿರುವುದಿಲ್ಲ. ಅವುಗಳ ಸರಾಸರಿಯೇ ನಿಜವಾದ ಎತ್ತರ. ಎರಡರ ನಡುವಿನ ಅಂತರ ತೀರಾ ಹೆಚ್ಚಾಗಿದ್ದರೆ, ಯಾವುದೋ ಕೀಲು ಹಿಡಿದುಕೊಂಡಿದೆ ಎಂಬ ಸುಳಿವು ಅಲ್ಲೇ ಸಿಗುತ್ತದೆ.

ಮಡ್‌ಗಾರ್ಡು ಒಂದು ಕಡೆ ತಗ್ಗಿದ್ದು ಎರಡೂ ಬದಿಯ ಝಡ್ ಹೈಟ್ ಸಮವಾಗಿದ್ದರೆ, ದೋಷವನ್ನು ಟೈರು, ಕ್ಯಾಬಿನ್ ಮೌಂಟು ಅಥವಾ ಬಾಡಿಯಲ್ಲಿ ಹುಡುಕಬೇಕು. ಝಡ್ ಹೈಟೇ ಕಡಿಮೆಯಿದ್ದಾಗಲೂ ತಕ್ಷಣ ಟಾರ್ಶನ್ ಬಾರನ್ನು ದೂರುವಂತಿಲ್ಲ. ಈ ಪಿಕಪ್‌ನ ಇಂಧನ ಟ್ಯಾಂಕು ಎಡಬದಿಯಲ್ಲಿದೆ. ಸುಮಾರು 95 ಲೀಟರಿನ ಟ್ಯಾಂಕು ತುಂಬಿದಾಗ ಆ ಬದಿಗೆ 70 ಕೆ.ಜಿ.ಯಷ್ಟು ಭಾರ ಬೀಳುತ್ತದೆ, ಚಾಲಕನೂ ಕೂರುವುದು ಅದೇ ಬದಿಯಲ್ಲಿ. ಹಿಂದಿನ ಒಂದು ಬದಿಯ ಪಟ್ಟಿ ಸ್ಪ್ರಿಂಗು ಸೋತಿದ್ದರೆ ಚಾಸಿ ಓರೆಯಾಗಿ ಮುಂದಿನ ಅಳತೆಗಳೂ ವ್ಯತ್ಯಾಸವಾಗುತ್ತವೆ. ಎಡ ಬಲ ಬದಿಗಳನ್ನು ಜೋಡಿಸುವ ಆಂಟಿ ರೋಲ್ ಬಾರಿನ ಲಿಂಕುಗಳನ್ನು ಬಿಚ್ಚಿ ಅಳೆದರೆ ಒಂದು ಬದಿಯ ದೋಷ ಇನ್ನೊಂದು ಬದಿಯಲ್ಲಿ ಕಾಣಿಸಿಕೊಳ್ಳುವುದು ತಪ್ಪುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ರಾಜ್ಯಗಳಲ್ಲಿ ಓಡಿದ ಗಾಡಿಯಾದರೆ ಅಡ್ಡ ತೊಲೆಯನ್ನೂ ಕೀ ಕೂರುವ ಜಾಗವನ್ನೂ ಸುತ್ತಿಗೆಯಿಂದ ತಟ್ಟಿ ನೋಡಬೇಕು, ಏಕೆಂದರೆ ತುಕ್ಕು ತಿಂದ ಲೋಹ ಕುಸಿದಾಗಲೂ ಹೊರಗೆ ಕಾಣುವ ಲಕ್ಷಣ ಅದೇ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎತ್ತರ ಮರಳುತ್ತದೆ ಎಂದು ಹಣ ಖರ್ಚು ಮಾಡುವವರಿದ್ದಾರೆ. ಸಾಧಾರಣ ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ತಡೆಯುತ್ತದೆ, ಗಾಡಿಯ ಭಾರವನ್ನು ಹೊರುವುದಿಲ್ಲ.

ಬುಷ್‌ಗಳ ವಿಷಯ ವಿಶೇಷವಾಗಿ ಗಮನಿಸಬೇಕಾದದ್ದು. ಲೋವರ್ ಆರ್ಮಿನ ರಬ್ಬರ್ ಬುಷ್ ತನ್ನ ಲೋಹದ ಕೊಳವೆಗಳಿಗೆ ಅಂಟಿಕೊಂಡಿದ್ದು, ಆರ್ಮು ಆಡುವಾಗ ರಬ್ಬರೇ ತಿರುಚಿಕೊಳ್ಳುತ್ತದೆ. ಗಾಡಿ ಜಾಕಿನ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಪಿವಟ್ ಬೋಲ್ಟನ್ನು ಪೂರ್ತಿ ಬಿಗಿಮಾಡಿದರೆ, ನೆಲಕ್ಕಿಳಿದ ಮೇಲೂ ಆ ರಬ್ಬರು ಆರ್ಮನ್ನು ಕೆಳಕ್ಕೇ ಎಳೆಯುತ್ತ ಗಾಡಿಯನ್ನು ಬೇಕಾದದ್ದಕ್ಕಿಂತ ಎತ್ತರದಲ್ಲಿ ನಿಲ್ಲಿಸುತ್ತದೆ, ಬೇಗನೆ ಹರಿದೂ ಹೋಗುತ್ತದೆ. ಹೊಸ ಬುಷ್ ಹಾಕಿದ ಮೇಲೆ ಒಂದು ಬದಿ ಎತ್ತರವಾಯಿತೆಂಬ ದೂರಿಗೆ ಇದು ಕಾರಣವಾಗಿರಬಹುದು. ಬೋಲ್ಟನ್ನು ಸಡಿಲಿಸಿ, ಗಾಡಿ ತನ್ನ ರೈಡ್ ಹೈಟಿನಲ್ಲಿ ನಿಂತಿರುವಾಗ ಬಿಗಿಮಾಡುವುದೇ ಪರಿಹಾರ.

ಇವೆಲ್ಲ ಸರಿಯಿದ್ದೂ ಅಳತೆ ಕಡಿಮೆಯೇ ಬಂದರೆ ಆಗ ಬೋಲ್ಟಿಗೆ ಕೈಹಾಕಬಹುದು. ಮುಂಭಾಗವನ್ನು ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಭಾರ ತಗ್ಗಿಸಿ, ಸ್ವಲ್ಪವೇ ತಿರುಗಿಸಿ, ಗಾಡಿಯನ್ನು ಇಳಿಸಿ, ಹಿಂದೆ ಮುಂದೆ ಉರುಳಿಸಿ, ಮತ್ತೆ ಎರಡೂ ಬದಿಗಳನ್ನು ಅಳೆಯಬೇಕು. ಸರಳನ್ನೇ ಹೊರತೆಗೆಯಬೇಕಾದರೆ ಅದಕ್ಕಾಗಿಯೇ ಮಾಡಿದ ಉಪಕರಣವಿಲ್ಲದೆ ಮುಟ್ಟಕೂಡದು; ತಿರುಚಿದ ಸರಳಿನಲ್ಲಿ ಕೂಡಿಕೊಂಡ ಬಲ ಜಾರಿದ ಕೀಯ ಮೂಲಕ ಹೊರಬಂದರೆ ಕೈ ಮುರಿಯುವಷ್ಟಿರುತ್ತದೆ. ಎಡ ಬಲ ಸರಳುಗಳನ್ನು ಅದಲು ಬದಲು ಮಾಡುವಂತೆಯೂ ಇಲ್ಲ. ಎತ್ತರ ಬದಲಾದೊಡನೆ ಕ್ಯಾಂಬರ್ (ಚಕ್ರದ ಓರೆ) ಮತ್ತು ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವಿಕೆ) ಕೋನಗಳೂ ಬದಲಾಗುವುದರಿಂದ, ವೀಲ್ ಅಲೈನ್‌ಮೆಂಟನ್ನು ರೈಡ್ ಹೈಟ್ ಸರಿಪಡಿಸಿದ ನಂತರವೇ ಮಾಡಿಸಬೇಕು, ಹೆಡ್‌ಲೈಟಿನ ಬೆಳಕು ಎಷ್ಟು ದೂರಕ್ಕೆ ಬೀಳುತ್ತದೆಂಬುದನ್ನೂ ಆಗಲೇ ಹೊಂದಿಸಬೇಕು.