ಸಿಂಹವೇ ಇಲ್ಲದ ನಾಡಿನ ಬಾಗಿಲಿಗೆ ಸಿಂಹದ ಕಾವಲೇಕೆ?

ಪ್ರಶ್ನೆ: ಚೀನಾದ ಅರಮನೆ, ದೇವಾಲಯ, ಬ್ಯಾಂಕು, ಕೊನೆಗೆ ಹೋಟೆಲಿನ ಮುಂದೆಯೂ ಜೋಡಿ ಕಲ್ಲುಸಿಂಹಗಳು ಕುಳಿತಿರುತ್ತವೆ. ಆದರೆ ಚೀನಾದ ಕಾಡುಗಳಲ್ಲಿ ಸಿಂಹವೇ ಇಲ್ಲವಲ್ಲ? ಹುಲಿಯಿದ್ದ ನಾಡು ಹುಲಿಯನ್ನು ಬಿಟ್ಟು ಸಿಂಹವನ್ನೇಕೆ ಕಾವಲಿಗೆ ಕೂರಿಸಿತು? ಅದೂ ನೋಡುವುದಕ್ಕೆ ನಾಯಿಯ ಹಾಗಿರುವುದೇಕೆ?

ಉತ್ತರ: ಮೊದಲು ಹುಲಿಯ ವಿಷಯ. ಚೀನೀಯರು ಹುಲಿಯನ್ನು ಕೈಬಿಟ್ಟಿರಲಿಲ್ಲ. ದೆವ್ವಗಳನ್ನು ಹಗ್ಗದಲ್ಲಿ ಕಟ್ಟಿ ಹುಲಿಗೆ ಆಹಾರವಾಗಿ ಎಸೆಯುವ ಇಬ್ಬರು ಸೋದರರ ಕಥೆ ಹಾನ್ ರಾಜವಂಶದ ಕಾಲಕ್ಕಾಗಲೇ, ಅಂದರೆ ಸುಮಾರು 2,000 ವರ್ಷಗಳ ಹಿಂದೆಯೇ, ಪ್ರಚಾರದಲ್ಲಿತ್ತು. ಜನ ಬಾಗಿಲ ಮೇಲೆ ಹುಲಿಯ ಚಿತ್ರ ಬರೆಯುತ್ತಿದ್ದರು. ಸಿಂಹ ಬಂದದ್ದು ಆಮೇಲೆ, ಹೊರಗಿನಿಂದ, ಎರಡು ದಾರಿಗಳಲ್ಲಿ.

ಒಂದು ರಾಜರ ದಾರಿ. ಕ್ರಿ.ಶ. 87ರ ಸುಮಾರಿಗೆ ಮಧ್ಯ ಏಷ್ಯಾದ ಮತ್ತು ಇರಾನಿನ ಕಡೆಯ ಅರಸರು ಹಾನ್ ಚಕ್ರವರ್ತಿಯ ಆಸ್ಥಾನಕ್ಕೆ ಜೀವಂತ ಸಿಂಹಗಳನ್ನು ಕಾಣಿಕೆಯಾಗಿ ಕಳುಹಿಸಿದ್ದನ್ನು ಆ ವಂಶದ ಇತಿಹಾಸ ದಾಖಲಿಸಿದೆ. ಅವನ್ನು ಕಣ್ಣಾರೆ ಕಂಡವರು ಅರಮನೆಯ ಬೆರಳೆಣಿಕೆಯ ಜನರಷ್ಟೇ ಇರಬೇಕು. ಆದರೂ ಸುದ್ದಿ ಬೇಗ ಹರಡಿತು. ಶಾಂಡೊಂಗ್ ಪ್ರಾಂತ್ಯದ ಜಿಯಾಶಿಯಾಂಗ್ ಎಂಬಲ್ಲಿ ವೂ ಮನೆತನದವರ ಸಮಾಧಿ ಸ್ಥಳವಿದೆ. ಅಲ್ಲಿನ ಕಲ್ಲಿನ ಗೋಪುರಕಂಬದ ಮೇಲೆ 147ನೇ ಇಸವಿಯ ಶಾಸನವೊಂದುಂಟು. ಕಂಬಗಳಿಗೆ 1,50,000 ನಾಣ್ಯ ಖರ್ಚಾಯಿತು, ಸುನ್ ಝೊಂಗ್ ಎಂಬ ಶಿಲ್ಪಿ ಸಿಂಹಗಳನ್ನು ಕಡೆದು 40,000 ನಾಣ್ಯ ಪಡೆದ ಎಂದು ಅದರಲ್ಲಿ ಬರೆದಿದೆ. ಬಹುಶಃ ಜೀವಮಾನದಲ್ಲಿ ಸಿಂಹವನ್ನೇ ನೋಡದ ಒಬ್ಬ ಕಲ್ಲುಕುಟಿಗನ ಹೆಸರೂ ಕೂಲಿಯೂ ಸುಮಾರು 1,900 ವರ್ಷ ಉಳಿದುಬಂದಿವೆ ಎನ್ನುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಇನ್ನೊಂದು ಬುದ್ಧನ ದಾರಿ. ಇದು ಹೊರಟದ್ದು ಭಾರತದಿಂದ. ಶಾಕ್ಯಸಿಂಹ ಎಂದು ಹೆಸರಾದ ಬುದ್ಧ ಕೂರುವುದು ಸಿಂಹಾಸನದ ಮೇಲೆ, ಅವನ ಬೋಧನೆ ಸಿಂಹನಾದ, ಬೋಧಿಸತ್ವ ಮಂಜುಶ್ರೀಯ ವಾಹನ ಸಿಂಹ. ಸಾರನಾಥದಲ್ಲಿ ಅಶೋಕ ನಿಲ್ಲಿಸಿದ ನಾಲ್ಕು ಸಿಂಹಗಳು ನಮ್ಮ ರೂಪಾಯಿಯ ಮೇಲೆ ಇಂದಿಗೂ ಇವೆ. ಬೌದ್ಧ ಭಿಕ್ಷುಗಳು, ಗ್ರಂಥಗಳು, ಮೂರ್ತಿಗಳು ರೇಷ್ಮೆ ಮಾರ್ಗದಲ್ಲಿ ಚೀನಾ ತಲುಪಿದಾಗ ಸಿಂಹವೂ ಜೊತೆಗೆ ಹೋಯಿತು. ಹೆಬೈ ಪ್ರಾಂತ್ಯದ ತ್ಸಾಂಗ್‌ಝೌ ಬಳಿ 953ರಲ್ಲಿ ಎರಕ ಹೊಯ್ದ ದೈತ್ಯ ಕಬ್ಬಿಣದ ಸಿಂಹವೊಂದಿದೆ. ಅದರ ಬೆನ್ನ ಮೇಲೆ ಕಮಲದ ಪೀಠವಿದೆ. ಒಂದು ಕಾಲದಲ್ಲಿ ಅಲ್ಲಿ ಮಂಜುಶ್ರೀಯ ವಿಗ್ರಹವಿತ್ತೆಂದು ಹೇಳುತ್ತಾರೆ.

ಹುಲಿಗೆ ಸಿಗದ ಸ್ಥಾನ ಸಿಂಹಕ್ಕೆ ಏಕೆ ಸಿಕ್ಕಿತು ಎಂದರೆ ನನ್ನ ಉತ್ತರ ಇಷ್ಟೇ: ಹುಲಿ ಊರಿನ ದನ ಹಿಡಿಯುತ್ತಿತ್ತು, ಮನುಷ್ಯರನ್ನು ತಿನ್ನುತ್ತಿತ್ತು. ಅದರ ಗುಣಾವಗುಣ ಎಲ್ಲರಿಗೂ ಗೊತ್ತಿತ್ತು. ಸಿಂಹದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅದು ಅರಸರ ಆಸ್ಥಾನದಿಂದಲೂ ಬುದ್ಧನ ಪಕ್ಕದಿಂದಲೂ ಬಂದ ಪ್ರಾಣಿ. ಅದಕ್ಕೆ ಯಾವ ಶಕ್ತಿಯನ್ನು ಆರೋಪಿಸಿದರೂ ನಡೆಯುತ್ತಿತ್ತು.

ನಾಯಿಯ ಹಾಗೆ ಕಾಣುವುದಕ್ಕೂ ಇದೇ ಕಾರಣ. ಶಿಲ್ಪಿ ಕೆತ್ತುತ್ತಿದ್ದದ್ದು ತನ್ನ ಗುರು ಕೆತ್ತಿದ ಸಿಂಹವನ್ನು, ಗುರು ಕೆತ್ತಿದ್ದು ಅವನ ಗುರುವಿನದನ್ನು. ಕೇಸರ ಸುರುಳಿ ಸುರುಳಿಯಾದ ಗುಂಡುಗಳಾಯಿತು, ಮೂಗು ಚಪ್ಪಟೆಯಾಯಿತು, ಕಣ್ಣು ಹೊರಗೆ ಬಂತು, ಕುತ್ತಿಗೆಗೆ ಪಟ್ಟಿ ಮತ್ತು ಗಂಟೆ ಬಂದವು. ಇಂಗ್ಲಿಷಿನಲ್ಲಿ ಇವನ್ನು ‘ಫೂ ಡಾಗ್’ ಎಂದು ಕರೆದು ಮಾರುವುದರಿಂದ ಗೊಂದಲ ಇನ್ನೂ ಹೆಚ್ಚಿದೆ. ಚೀನೀಯರಿಗೆ ಅದು ಎಂದೂ ನಾಯಿಯಾಗಿರಲಿಲ್ಲ.

ಜೋಡಿಯನ್ನು ಹತ್ತಿರದಿಂದ ನೋಡಿದರೆ ಗಂಡು ಹೆಣ್ಣು ಸುಲಭವಾಗಿ ತಿಳಿಯುತ್ತದೆ, ಏಕೆಂದರೆ ಎರಡಕ್ಕೂ ಕೇಸರವಿದ್ದರೂ ಪಂಜದ ಕೆಳಗಿರುವುದು ಬೇರೆ. ಗಂಡಿನ ಬಲಪಂಜದಡಿ ಕಸೂತಿಯ ಚೆಂಡು, ಹೆಣ್ಣಿನ ಎಡಪಂಜದಡಿ ಅಂಗಾತ ಮಲಗಿದ ಮರಿ. ಕೆಲವು ಶಿಲ್ಪಗಳಲ್ಲಿ ಮರಿ ತಾಯಿಯ ಪಂಜವನ್ನೇ ಬಾಯಲ್ಲಿ ಇಟ್ಟುಕೊಂಡಿರುತ್ತದೆ. ಸಿಂಹಿಣಿಯ ಪಂಜದಿಂದ ಹಾಲು ಬರುತ್ತದೆ ಎಂಬ ಜನಪದ ನಂಬಿಕೆಯೂ ಇತ್ತು. ಕಟ್ಟಡದೊಳಗಿನಿಂದ ಹೊರಗೆ ನೋಡುವವರಿಗೆ ಗಂಡು ಎಡಕ್ಕೆ, ಹೆಣ್ಣು ಬಲಕ್ಕೆ ಇರಬೇಕು. ಮನೆಯ ಗೇಟಿಗೆ ಜೋಡಿ ಕೊಂಡು ತರುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ, ಬೀದಿಯ ಕಡೆಯಿಂದ ನೋಡಿ ಎಡ ಬಲ ಲೆಕ್ಕ ಹಾಕುತ್ತಾರೆ. ದಕ್ಷಿಣ ಚೀನಾದ ಸಿಂಹಗಳ ಬಾಯೊಳಗೆ ಕಲ್ಲಿನ ಗುಂಡೊಂದು ಉರುಳಾಡುತ್ತದೆ. ಬೆರಳು ಹಾಕಿ ತಿರುಗಿಸಬಹುದು, ಹೊರಗೆ ತೆಗೆಯಲಾಗದು. ಅದನ್ನು ಹೊರಗಿನಿಂದ ಸೇರಿಸಿದ್ದಲ್ಲ, ಅದೇ ಬಂಡೆಯಿಂದ ಹಲ್ಲುಗಳ ಸಂದಿಯಲ್ಲಿ ಉಳಿ ತೂರಿಸಿ ಬಿಡಿಸಿದ್ದು.

ಬೀಜಿಂಗ್ ಬಳಿಯ ಲೂಗೋ ಸೇತುವೆ 1192ರಲ್ಲಿ ಪೂರ್ಣಗೊಂಡಿತು. ಅದರ ಪ್ರತಿ ಕಂಬದ ಮೇಲೂ ಸಿಂಹ, ಸಿಂಹದ ಬೆನ್ನು, ಹೊಟ್ಟೆ, ಕಿವಿಯ ಹಿಂದೆ ಮರಿಗಳು. ಎಣಿಸಲಾಗದ್ದಕ್ಕೆ ‘ಲೂಗೋ ಸೇತುವೆಯ ಸಿಂಹಗಳ ಹಾಗೆ’ ಎನ್ನುವ ಮಾತು ಅಲ್ಲಿ ಗಾದೆಯಾಗಿದೆ. 1962ರಲ್ಲಿ ಎಣಿಸಿದಾಗ 485 ಸಿಕ್ಕವು. ಆಮೇಲಿನ ಎಣಿಕೆಯಲ್ಲಿ ಇನ್ನೂ ಕೆಲವು ಪತ್ತೆಯಾದವು.

ಚೀನಾದಾಚೆಗೆ ಹೋದಂತೆ ಈ ಕಾವಲುಗಾರನ ಕೆಲಸವೇ ಬದಲಾಗುತ್ತದೆ, ನನ್ನ ಮಟ್ಟಿಗೆ ಕಥೆಯ ನಿಜವಾದ ಸ್ವಾರಸ್ಯ ಅಲ್ಲಿದೆ. ಪ್ರತಿಯೊಂದು ನಾಡೂ ತನ್ನನ್ನು ಹೆಚ್ಚು ಕಾಡಿದ ಭಯವನ್ನು ಅದರ ಹೆಗಲಿಗೆ ಹಾಕಿತು.

ಜಪಾನಿಗೆ ಅದು ಕೊರಿಯಾದ ಮೂಲಕ ತಲುಪಿ ಕೋಮಾಇನು ಎನಿಸಿಕೊಂಡಿತು. ಹೇಯಾನ್ ಕಾಲದ (794–1185) ಅರಮನೆಯಲ್ಲಿ ಪರದೆಗಳು ಹಾರದಂತೆ ಭಾರವಾಗಿ ಇಡುತ್ತಿದ್ದ ಜೋಡಿಯಲ್ಲಿ ಒಂದು ಸಿಂಹ, ಇನ್ನೊಂದು ಕೊಂಬಿನ ಕೋಮಾಇನು. ಮುಂದೆ ಅವು ಶಿಂಟೋ ದೇಗುಲಗಳ ಹೊರಗೆ ಕಲ್ಲಾಗಿ ನಿಂತವು. ಒಂದರ ಬಾಯಿ ತೆರೆದಿರುತ್ತದೆ, ಇನ್ನೊಂದರದು ಮುಚ್ಚಿರುತ್ತದೆ. ತೆರೆದ ಬಾಯಿ ‘ಅ’ ಎನ್ನುತ್ತದೆ, ಮುಚ್ಚಿದ್ದು ‘ಹೂಂ’ ಎನ್ನುತ್ತದೆ. ಸಂಸ್ಕೃತದಿಂದ ಬೌದ್ಧ ಮಂತ್ರಗಳ ಜೊತೆ ಹೋದ ಆದಿ ಮತ್ತು ಅಂತ್ಯದ ಧ್ವನಿಗಳಿವು. ನಾರಾ ನಗರದ ತೋದಾಯ್‌ಜಿ ದೇವಾಲಯದ ದಕ್ಷಿಣ ಮಹಾದ್ವಾರದಲ್ಲಿರುವ ಕಲ್ಲಿನ ಜೋಡಿಯನ್ನು 1196ರಲ್ಲಿ ಚೀನಾದಿಂದ ಬಂದ ಶಿಲ್ಪಿಗಳು ಕೆತ್ತಿದ್ದರು.

ದಕ್ಷಿಣದ ಒಕಿನಾವಾ ದ್ವೀಪದಲ್ಲಿ ಭಯ ಬೆಂಕಿಯದು. ಅಲ್ಲಿನ ತೊಮೊರಿ ಎಂಬ ಹಳ್ಳಿಯಲ್ಲಿ ಮನೆಗಳು ಮತ್ತೆ ಮತ್ತೆ ಸುಟ್ಟುಹೋಗುತ್ತಿದ್ದವು. ಹಳ್ಳಿಗರು ಫೆಂಗ್‌ಶುಯಿ ಬಲ್ಲವರನ್ನು ಕೇಳಿದಾಗ, ಎದುರಿನ ಯಾಏಸೆ ಬೆಟ್ಟ ಬೆಂಕಿಯ ಬೆಟ್ಟ, ಅದಕ್ಕೆ ಎದುರಾಗಿ ಸಿಂಹವನ್ನು ಕೂರಿಸಿ ಎಂದರು. 1689ರಲ್ಲಿ ಕೂರಿಸಿದ, ಸುಮಾರು 1.4 ಮೀಟರ್ ಎತ್ತರದ ಆ ಶೀಸಾ (ಕಾವಲು ಸಿಂಹಕ್ಕೆ ಒಕಿನಾವಾದ ಹೆಸರು) ಇನ್ನೂ ಬೆಟ್ಟವನ್ನೇ ದಿಟ್ಟಿಸುತ್ತಿದೆ. 1945ರ ಒಕಿನಾವಾ ಕದನದಲ್ಲಿ ಅಮೆರಿಕದ ಸೈನಿಕರು ಅದರ ಹಿಂದೆ ಅಡಗಿ ಜಪಾನಿ ಸೇನೆಯ ಕಡೆ ನೋಡುತ್ತಿರುವ ಛಾಯಾಚಿತ್ರವೊಂದಿದೆ. ಕಲ್ಲಿನ ಮೈಮೇಲೆ ಗುಂಡಿನ ಗಾಯಗಳು ಈಗಲೂ ಕಾಣುತ್ತವೆ. ಮನೆಗಳ ಮಾಡಿನ ಮೇಲೆ ಕೂರುವ ಪುಟ್ಟ ಶೀಸಾಗಳು ಬಹಳ ಈಚಿನವು. ಸಾಮಾನ್ಯರು ಹೆಂಚು ಹೊದಿಸಬಾರದೆಂಬ ನಿರ್ಬಂಧ 1889ರಲ್ಲಿ ಹೋದ ಮೇಲೆ, ಕೆಂಪು ಹೆಂಚು ಹೊದಿಸುವ ಕೆಲಸಗಾರರು ಉಳಿದ ಸುಣ್ಣದ ಗಾರೆ ಮತ್ತು ಒಡೆದ ಹೆಂಚಿನಿಂದ ಅಲ್ಲಿಯೇ ಒಂದು ಶೀಸಾ ಮಾಡಿ ಕೂರಿಸುತ್ತಿದ್ದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ.

ಕೊರಿಯಾದ ಕಾವಲುಗಾರ ಹೇಚಿಯ ಬೇರು ಬೇರೆ. ಅದು ಸಿಂಹದಂತೆ ಕಂಡರೂ ಮೂಲದಲ್ಲಿ ಚೀನಾದ ಶ್ಯೇಝಿ ಎಂಬ ಒಂಟಿಕೊಂಬಿನ ಪ್ರಾಣಿ. ನ್ಯಾಯ ಕೇಳಿ ಬಂದ ಇಬ್ಬರಲ್ಲಿ ತಪ್ಪಿತಸ್ಥನನ್ನು ಗುರುತಿಸಿ ಹಾಯುವುದು ಅದರ ಕೆಲಸ. ಪುರಾಣಕಾಲದ ನ್ಯಾಯಾಧೀಶ ಗಾವೊ ಯಾವೊ ತನಗೆ ತೀರ್ಮಾನಿಸಲಾಗದ ಮೊಕದ್ದಮೆಗಳನ್ನು ಅದಕ್ಕೆ ಬಿಡುತ್ತಿದ್ದನಂತೆ. ಚೀನಾದಲ್ಲಿ ಅಧಿಕಾರಿಗಳ ತಪ್ಪು ಹುಡುಕುವ ತನಿಖಾಧಿಕಾರಿಗಳು ಮಿಂಗ್ ಮತ್ತು ಚಿಂಗ್ ರಾಜವಂಶಗಳ ಕಾಲದಲ್ಲಿ (1368–1912) ಎದೆಯ ಮೇಲೆ ಅದರ ಕಸೂತಿಯನ್ನು ಧರಿಸುತ್ತಿದ್ದರು.

ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಈ ನ್ಯಾಯಾಧಿಪತಿಗೆ ಅಗ್ನಿಶಾಮಕನ ಕೆಲಸವೂ ಅಂಟಿಕೊಂಡಿತು. ಗ್ಯೋಂಗ್‌ಬೊಕ್‌ಗುಂಗ್ ಅರಮನೆ 1592ರ ಜಪಾನಿ ದಾಳಿಯ ಹೊತ್ತಿನಲ್ಲಿ ಸುಟ್ಟು ಬೂದಿಯಾಗಿ, 1860ರ ದಶಕದವರೆಗೆ ಪಾಳುಬಿದ್ದಿತ್ತು. ಮತ್ತೆ ಕಟ್ಟಿದಾಗ ಮುಖ್ಯದ್ವಾರವಾದ ಗ್ವಾಂಗ್‌ಹ್ವಾಮುನ್ ಎದುರು ಎರಡು ಹೇಚಿಗಳನ್ನು ನಿಲ್ಲಿಸಿದರು. ದಕ್ಷಿಣದ ಗ್ವಾನಾಕ್ ಬೆಟ್ಟದಿಂದ ಬೆಂಕಿಯ ಶಕ್ತಿ ಹರಿದು ಬರುತ್ತದೆ, ಹೇಚಿ ಅದನ್ನು ತಡೆಯುತ್ತದೆ ಎಂಬ ನಂಬಿಕೆ. ತೊಮೊರಿಯ ಹಳ್ಳಿಗರು ಕೇಳಿದ ಸಲಹೆಯನ್ನೇ ಒಂದು ರಾಜಧಾನಿಯೂ ಪಾಲಿಸಿತ್ತು. ಜಪಾನಿನ ಆಳ್ವಿಕೆಯಲ್ಲಿ ಆ ಹೇಚಿಗಳನ್ನು ಜಾಗದಿಂದ ಎಬ್ಬಿಸಲಾಯಿತು. ದ್ವಾರದ ಮುಂದಿನ ಹಳೆಯ ಕಲ್ಲುಜಗಲಿಯನ್ನು 2023ರ ಅಕ್ಟೋಬರಿನಲ್ಲಿ ಮರುನಿರ್ಮಿಸಿದಾಗ ಅವುಗಳನ್ನು ಅದರ ಮುಂತುದಿಗೆ ತಂದಿಟ್ಟರು. 1975ರಲ್ಲಿ ತೆರೆದ ದಕ್ಷಿಣ ಕೊರಿಯಾದ ಸಂಸತ್ ಭವನದ ಬಳಿಯೂ ಒಂದು ಜೋಡಿಯಿದೆ. ಅವುಗಳ ಕೆಳಗೆ ವೈನ್ ಬಾಟಲಿಗಳನ್ನು ಹೂತಿದ್ದಾರೆ, ನೂರು ವರ್ಷ ತುಂಬಿದ ಮೇಲೆ ತೆಗೆಯುವುದಕ್ಕೆ.